ಗೋಣಿಚೀಲ ತೊಟ್ಟ ತೀರ್ಪುಗಾರರು

ನಮ್ಮೂರಿನ ಕೆರೆ ಮಾರ್ಗಶಿರದಲ್ಲಿ ಹೆಪ್ಪುಗಟ್ಟಿ ಶಿವರಾತ್ರಿಯ ಹೊತ್ತಿಗೆ ಕರಗುತ್ತದೆ. ಹೆಪ್ಪುಗಟ್ಟುವುದು ಕೆರೆ ಮಾತ್ರ. ದಂಡೆಯ ಮೇಲೆ ಎಂದಿನ ಸೆಕೆ, ಎಂದಿನ ಸೊಳ್ಳೆ, ಪುರಸಭೆಯವರ ಎಂದಿನ ಭಾಷಣ. ಗಂಡಸರು ಬನಿಯನ್ನಿನಲ್ಲಿ ಕೂತು ಬೀಸಣಿಗೆ ಆಡಿಸಿಕೊಳ್ಳುತ್ತಿರುತ್ತಾರೆ, ಅವರ ಕಾಲಿನಿಂದ ಒಂದು ಮಾರು ಆಚೆ ನೀರು ಕಲ್ಲಾಗಿ ಬಿದ್ದಿರುತ್ತದೆ. ಆ ದಿನಗಳಲ್ಲಿ ಎಮ್ಮೆ ಕಾಯುವವರು ಎಮ್ಮೆಗಳನ್ನು ಬಾವಿಕಟ್ಟೆಗೆ ಹೊಡೆದುಕೊಂಡು ಹೋಗುತ್ತಾರೆ. ಬಟ್ಟೆ ಒಗೆಯುವವರು ನೆಂಟರೂರಿಗೆ ಹೊರಡುತ್ತಾರೆ. ಮಿಕ್ಕವರೆಲ್ಲ ಕಾಲಿಗೆ ಅಲಗಿನ ಬೂಟು ಕಟ್ಟಿಕೊಂಡು ಜಾರುತ್ತಾರೆ. ಜಾರಲು ಬಾರದವರು ತೀರ್ಪು ಮಂಡಳಿಗೆ ಸೇರುತ್ತಾರೆ.

ನನಗೂ ಜಾರಲು ಬರುವುದಿಲ್ಲ. ಆದರೆ ಆ ಕಾಲಕ್ಕೆ ಮಂಡಳಿಯಲ್ಲಿ ಕುರ್ಚಿ ಖಾಲಿ ಇರಲಿಲ್ಲವಾದ್ದರಿಂದ ನನ್ನ ಕೈಗೆ ಮೈಕು ಕೊಟ್ಟರು. ಸಂಕ್ರಾಂತಿ ಕಳೆದ ಭಾನುವಾರ ನಡೆಯುವ ಪಂದ್ಯದಲ್ಲಿ ಅಂಕಗಳನ್ನು ಊರಿಗೆಲ್ಲ ಕೇಳುವಂತೆ ಓದಿ ಹೇಳುವುದು ನನ್ನ ಕೆಲಸ. ಅಂಕ ಕೊಡುವವರನ್ನು ಯಾರೂ ಬೈಯುವುದಿಲ್ಲ, ಓದುವವಳನ್ನು ಬೈಯುತ್ತಾರೆ. ಅದು ಹೋಗಲಿ. ಹೇಳಬೇಕಾಗಿರುವುದು ನನ್ನ ಅಕ್ಕ ಇಂದ್ರಾಣಿಯ ವಿಷಯ.

ಅಕ್ಕನ ಹರೆಯದಲ್ಲಿ ಜಾರಾಟವೆಂದರೆ ಗೆರೆ. ಒಂಟಿಕಾಲಿನ ಮೇಲೆ ನಿಂತು, ಬೂಟಿನ ಅಲಗಿನಿಂದ ಮಂಜುಗಡ್ಡೆಯ ಮೇಲೆ ಎಂಟರ ಅಂಕಿಯನ್ನೋ ಬಳ್ಳಿಯನ್ನೋ ರಂಗೋಲಿಯ ಎಳೆಯ ಹಾಗೆ ಕೊರೆಯಬೇಕು. ಆಮೇಲೆ ಅದೇ ಗೆರೆಯ ಮೇಲೆ ಮತ್ತೆ ಹೋಗಬೇಕು, ಮತ್ತೂ ಹೋಗಬೇಕು. ಎಷ್ಟು ಸಲ ಹೋದರೂ ಗೆರೆ ಒಂದೇ ಇರಬೇಕು. ಮಂಡಳಿಯ ಅಧ್ಯಕ್ಷ ಚನ್ನವೀರಯ್ಯನವರು ಮಿಕ್ಕ ತೀರ್ಪುಗಾರರೊಂದಿಗೆ ಕುಕ್ಕರುಗಾಲಲ್ಲಿ ಕೂತು, ಕೊಡೆಯ ನೆರಳಿನಲ್ಲಿ ಭೂತಗನ್ನಡಿ ಹಿಡಿದು ಗೆರೆಯನ್ನು ಪರೀಕ್ಷಿಸುತ್ತಿದ್ದರು. ಒಬ್ಬ ಹುಡುಗಿಯ ಗೆರೆ ನೋಡಿ ಮುಗಿಸುವಷ್ಟರಲ್ಲಿ ದಂಡೆಯ ಮೇಲಿದ್ದವರು ಬುತ್ತಿ ಉಂಡು, ಒಂದು ನಿದ್ದೆ ತೆಗೆದು, ಎದ್ದು ಮನೆಗೆ ಹೋಗಿರುತ್ತಿದ್ದರು.

ಅಕ್ಕನ ಗೆರೆ ಮಾತ್ರ ಬೇರೆಯದೇ. ಅವಳು ಎಳೆದದ್ದನ್ನು ನೋಡಿದರೆ ಯಾರೋ ಕೂದಲೆಳೆಯನ್ನು ಮಂಜುಗಡ್ಡೆಯೊಳಗೆ ಇಟ್ಟು ಮುಚ್ಚಿದಂತೆ ಕಾಣುತ್ತಿತ್ತು. ಗೆದ್ದವಳ ಗೆರೆಗೆ ಬಿದಿರಿನ ಬೇಲಿ ಕಟ್ಟಿ ಕೆರೆ ಕರಗುವವರೆಗೆ ಕಾಯುವುದು ಪದ್ಧತಿ. ವರ್ಷವರ್ಷವೂ ಬೇಲಿಯೊಳಗೆ ಇರುತ್ತಿದ್ದದ್ದು ಇಂದ್ರಾಣಿಯ ಗೆರೆಯೇ. ಹಿಟ್ಟಿನ ಗಿರಣಿಯ ನಮ್ಮ ಭಾವ ಮೊದಲು ಬಂದು ನೋಡಿದ್ದು ಆ ಗೆರೆಯನ್ನು. "ಗೆರೆ ನೋಡಿದೀನಿ, ಹುಡುಗೀನ ನೋಡೋದು ಏನೂ ಬೇಡ" ಎಂದು ಹೇಳಿ ಕಳಿಸಿದರಂತೆ. ಅಕ್ಕನಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ ಅವಳೂ ಹುಡುಗನನ್ನು ಸರಿಯಾಗಿ ನೋಡದೆ ಒಪ್ಪಿಕೊಂಡಳು.

ಅಕ್ಕನ ಮಗಳು ಕುಮುದಾ ಹುಟ್ಟಿದ ವರ್ಷ ಮಂಡಳಿಗೆ ಮಂಡಿನೋವು ಬಂತು. ಚನ್ನವೀರಯ್ಯನವರು ಒಂದು ಗೆರೆಯ ಮುಂದೆ ಕೂತವರು ಏಳಲಾಗದೆ, ಅವರನ್ನು ಕೂತ ಭಂಗಿಯಲ್ಲೇ ಎತ್ತಿಕೊಂಡು ದಂಡೆಗೆ ತರಬೇಕಾಯಿತು. ಮರುವಾರ ಮಂಡಳಿ ಸಭೆ ಸೇರಿ, ಗೆರೆ ಎಳೆಯುವುದು ಕಾಲಕ್ಕೆ ಒಗ್ಗದ ಕಲೆಯೆಂದೂ, ಯುವಜನರಿಗೆ ಅದರಲ್ಲಿ ಆಸಕ್ತಿ ಇಲ್ಲವೆಂದೂ ಕಂಡುಕೊಂಡಿತು. ಇನ್ನು ಮುಂದೆ ನೆಗೆಯಬೇಕು, ಗಿರಕಿ ಹೊಡೆಯಬೇಕು. ತೀರ್ಪುಗಾರರು ಕುರ್ಚಿಯ ಮೇಲೆ ಕೂತು ಆರರೊಳಗೆ ಒಂದು ಅಂಕವನ್ನು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯುತ್ತಾರೆ.

ಅಕ್ಕ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಅಧ್ಯಕ್ಷರ ಮನೆಗೆ ಹೋದಳು. ನಾನೂ ಜೊತೆಗಿದ್ದೆ.

"ಹಾಗಾದ್ರೆ ಇಷ್ಟು ವರ್ಷ ನಾನು ಎಳೆದಿದ್ದು ಏನು ಸ್ವಾಮಿ?" ಎಂದಳು.

ಚನ್ನವೀರಯ್ಯನವರು ಮಂಡಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತಿದ್ದರು. "ಅಭ್ಯಾಸ ಅಂತ ಇಟ್ಕೊಳಮ್ಮ" ಎಂದರು. "ಯಾವುದೂ ವ್ಯರ್ಥ ಅಲ್ಲ."

ಅಕ್ಕ ಮಗುವಿಗೆ ಹಾಲು ಬಿಡಿಸಿದ ವರ್ಷ ನೆಗೆಯುವುದನ್ನು ಕಲಿಯತೊಡಗಿದಳು. ಹುಟ್ಟಿದಾಗಿನಿಂದ ನೆಲ ಬಿಡದ ಹೆಂಗಸು. ಬಿದ್ದಳು, ಎದ್ದಳು, ಸೊಂಟ ನೇರಳೆ ಬಣ್ಣಕ್ಕೆ ತಿರುಗಿತು, ಭಾವ ಗಿರಣಿಯಿಂದ ಬಿಸಿ ಹೊಟ್ಟು ತಂದು ಶಾಖ ಕೊಟ್ಟರು. ಪಂದ್ಯದಲ್ಲಿ ಅವಳು ಎರಡು ಸುತ್ತು ಸುತ್ತಿ ಸರಿಯಾಗಿ ಇಳಿದಾಗ ನಾನು ಮೈಕಿನಲ್ಲೇ ಉಸಿರು ಬಿಟ್ಟಿದ್ದು ಊರಿಗೆಲ್ಲ ಕೇಳಿಸಿತು. ಸ್ಲೇಟುಗಳು ಮೂರೂವರೆಯ ಆಸುಪಾಸಿನಲ್ಲಿ ನಿಂತವು. ಕಾರಣ ಕೇಳಿದ್ದಕ್ಕೆ ಒಬ್ಬ ತೀರ್ಪುಗಾರರು ಪ್ರೀತಿಯಿಂದಲೇ ವಿವರಿಸಿದರು: "ನೀನು ಕೆಳಗೆ ನೋಡ್ತೀಯಮ್ಮ. ಕೆಳಗೆ ಈಗೇನಿದೆ? ನಮ್ಮ ಕಡೆ ನೋಡ್ಬೇಕು."

ಆ ವರ್ಷ ಗೆದ್ದವಳು ಮೇಲಿನ ಕೇರಿಯ ಹುಡುಗಿ. ಮರುವರ್ಷ ಕೆಳಗಿನ ಕೇರಿಯವಳು. ಅದರ ಮರುವರ್ಷ ಮತ್ತೆ ಮೇಲಿನ ಕೇರಿ. ಕಲೆಯ ದೇವತೆಗೆ ಎಂಥ ನ್ಯಾಯಬುದ್ಧಿ ಎಂದು ನಾವೆಲ್ಲ ಬೆರಗಾಗಿದ್ದೆವು. ಕೊನೆಗೆ ಒಂದು ಮದುವೆಯ ಪಂಕ್ತಿಯಲ್ಲಿ ಒಬ್ಬ ತೀರ್ಪುಗಾರರ ಹೆಂಡತಿ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಈ ಸಲ ನಮ್ಮೋರು ಅವರ ಹುಡುಗೀಗೆ ಹಾಕಿದಾರೆ, ಮುಂದಿನ ಸಲ ಅವರು ನಮ್ಮ ಹುಡುಗೀಗೆ ಹಾಕ್ಬೇಕು, ಮಾತಾಗಿದೆ" ಎಂದುಬಿಟ್ಟರು. ಊರು ಕುದಿಯಿತು. ಮಂಡಳಿ ಕಠಿಣ ಕ್ರಮ ಕೈಗೊಂಡಿತು. ತೀರ್ಪುಗಾರರು ಯಾರೂ ಬದಲಾಗಲಿಲ್ಲ. ಅವರವರ ತಲೆಯ ಮೇಲೆ, ಕಣ್ಣಿಗೆ ಎರಡು ತೂತು ಕೊರೆದ ಗೋಣಿಚೀಲ ಬಂತು. ಯಾವ ಅಂಕ ಯಾರದೆಂದು ಇನ್ನು ಯಾರಿಗೂ ತಿಳಿಯುವಂತಿಲ್ಲ, ಆದ್ದರಿಂದ ಇನ್ನು ಮೋಸಕ್ಕೆ ಆಸ್ಪದವಿಲ್ಲ ಎಂದು ನಾನೇ ಮೈಕಿನಲ್ಲಿ ಓದಿದೆ. ಹಿಂದೆ ಯಾರು ಮೋಸ ಮಾಡುತ್ತಾರೆಂಬುದಾದರೂ ಗೊತ್ತಾಗುತ್ತಿತ್ತು.

ಗೋಣಿಚೀಲದ ಜೊತೆಗೇ ಬಂದವರು ನಿರಂಜನಮೂರ್ತಿ. ಚನ್ನವೀರಯ್ಯನವರ ಅಳಿಯ, ಎಲ್ಲೋ ಓದಿ ಬಂದವರು, ಕೈಯಲ್ಲಿ ಸದಾ ಅಡಿಕೋಲು. ಅವರು ಅಂಕಪಟ್ಟಿ ತಂದರು. ಸೊಬಗು ಗಿಬಗು ಎಲ್ಲ ಹಳೆಯ ಕಾಲದ ಮಾತು, ಇನ್ನು ಮುಂದೆ ಪ್ರತಿಯೊಂದು ಚಲನೆಗೂ ಇಷ್ಟೇ ಅಂಕ ಎಂದು ನಿಗದಿ. ಗಿರಕಿ ಹೊಡೆಯುವಾಗ ಹಿಂಗಾಲನ್ನು ತಲೆಯವರೆಗೆ ಎಳೆದು ಹಿಡಿದರೆ ಇಷ್ಟು. ನೆಗೆಯುವಾಗ ಒಂದು ಕೈ ಮೇಲೆತ್ತಿದರೆ ಇನ್ನಷ್ಟು. ಆಟದ ಉತ್ತರಾರ್ಧದಲ್ಲಿ ನೆಗೆದರೆ, ದಣಿದಾಗ ನೆಗೆದ ಪುಣ್ಯಕ್ಕೆ, ಮತ್ತೂ ಇಷ್ಟು.

ಅದಾದ ಮೇಲೆ ನಮ್ಮ ಕೆರೆಯ ಮೇಲೆ ಒಂದು ವಿಚಿತ್ರ ಶಾಂತಿ ನೆಲೆಸಿತು. ಪ್ರತಿ ಹುಡುಗಿಯೂ ಪೂರ್ವಾರ್ಧವನ್ನು ತರಕಾರಿ ಕೊಳ್ಳಲು ಹೊರಟವಳಂತೆ ಅತ್ತಿತ್ತ ಓಡಾಡಿ ಕಳೆಯುತ್ತಿದ್ದಳು. ಉತ್ತರಾರ್ಧ ಶುರುವಾದದ್ದೇ ತಡ, ಬಾಣಲೆಯಲ್ಲಿ ಸಿಡಿಯುವ ಸಾಸಿವೆಯಂತೆ ನೆಗೆಯತೊಡಗುತ್ತಿದ್ದಳು. ಎಲ್ಲರದೂ ಅದೇ ಗಿರಕಿ, ಅದೇ ತಲೆಗೆ ಮುಟ್ಟಿದ ಹಿಂಗಾಲು, ಅದೇ ಮೇಲೆತ್ತಿದ ಕೈ. ಶಾಲೆಯಲ್ಲಿ ಮಕ್ಕಳು ಕುಂಟಾಬಿಲ್ಲೆ ಆಡುವಾಗಲೂ ಒಂದು ಕೈ ಮೇಲೆತ್ತುತ್ತಿದ್ದವು. ಹಗುರವಾಗಿದ್ದಷ್ಟೂ ಹೆಚ್ಚು ಸುತ್ತು ಸುತ್ತಬಹುದಾದ್ದರಿಂದ ಗೆಲ್ಲುವವರ ವಯಸ್ಸು ಇಳಿಯುತ್ತ ಬಂತು. ಹದಿನೈದು ದಾಟಿದವಳನ್ನು ದಂಡೆಯ ಮೇಲಿನವರು ಅಜ್ಜಿ ಎಂದು ಕರೆಯುತ್ತಿದ್ದರು.

ಅಕ್ಕ ಈ ಪಟ್ಟಿಯನ್ನು ದ್ವೇಷಿಸಬಹುದೆಂದು ನಾನು ಅಂದುಕೊಂಡಿದ್ದೆ. ಅವಳು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡಳು. ಗೆರೆ ಎಳೆದ ಹೆಂಗಸು ಅವಳು. ಮುಂದೆ ಒಂದು ಗೆರೆ ಹಾಕಿಕೊಟ್ಟರೆ ಅದರ ಮೇಲೆ ಒಂದಿಷ್ಟೂ ಆಚೀಚೆಯಾಗದೆ ಹೋಗುವುದು ಅವಳಿಗೆ ರಕ್ತದಲ್ಲೇ ಬಂದಿತ್ತು. ಒಗ್ಗರಣೆ ಹಾಕುತ್ತ ಲೆಕ್ಕ ಹಾಕಿದಳು. ಯಾವ ನೆಗೆತವನ್ನು ಎಲ್ಲಿಟ್ಟರೆ ಎಷ್ಟು ಎಂಬುದು ನಿರಂಜನಮೂರ್ತಿಗಿಂತ ಮೊದಲು ಅವಳಿಗೆ ಗೊತ್ತಾಗಿತ್ತು. ಅವಳ ಕಾಲಿಗೆ ಆಗದ ನೆಗೆತಗಳು ಅವು. ಆದರೆ ಕುಮುದಾಗೆ ಆಗ ಹನ್ನೊಂದು, ಹಪ್ಪಳದಂತಿದ್ದಳು.

ಒಂದು ಬೆಳಿಗ್ಗೆ ನಾನು ಹೋದಾಗ ಹುಡುಗಿ ತಟ್ಟೆಯ ಮುಂದೆ ಕೂತಿದ್ದಳು. ತಟ್ಟೆಯಲ್ಲಿ ಅರ್ಧ ಇಡ್ಲಿ. ಒಂದು ಕಾಲು ಬಕೆಟ್ಟಿನ ಬಿಸಿನೀರಿನಲ್ಲಿ.

"ಇಷ್ಟೇನಾ ತಿನ್ನೋದು?" ಎಂದೆ.

"ಸಾಕು ಚಿಕ್ಕಮ್ಮ, ಹಸಿವಿಲ್ಲ" ಎಂದಳು ಕುಮುದಾ, ಅಡುಗೆಮನೆಯ ಕಡೆ ನೋಡುತ್ತ.

ಅಕ್ಕ ಸೌಟು ಹಿಡಿದೇ ಹೊರಗೆ ಬಂದಳು. "ನೀನು ಅವಳ ತಲೆ ಕೆಡಿಸ್ಬೇಡ ಮಂದಾಕಿನಿ. ನಾಲ್ಕು ಸುತ್ತಿನ ನೆಗೆತ ಯಾರ ಹತ್ರಾನೂ ಇಲ್ಲ. ಇವಳ ಹತ್ರ ಬಂದಿದೆ."

"ಪಾದ ನೋಡಿದೀಯಾ ಅಕ್ಕ? ಊದಿಕೊಂಡಿದೆ."

"ನೋಡಿದೀನಿ. ನೋಡದೇ ಇರ್ತೀನಾ?" ಅವಳ ದನಿ ತಗ್ಗಿತು. "ಪಟ್ಟಿ ಇನ್ನೆಷ್ಟು ದಿನ ಇರುತ್ತೋ ಗೊತ್ತಿಲ್ಲ ಕಣೇ. ಬದಲಾಗೋದ್ರೊಳಗೆ ಗೆದ್ಬಿಡ್ಬೇಕು. ನಂಗಾದ ಹಾಗೆ ಇವಳಿಗೆ ಆಗ್ಬಾರ್ದು."

ಕುಮುದಾ ಗೆದ್ದಳು. ಹನ್ನೆರಡನೆಯ ವಯಸ್ಸಿಗೆ, ನಾಲ್ಕು ಸುತ್ತು ಸುತ್ತಿ, ಒಂದು ಕೈ ಮೇಲೆತ್ತಿ, ಉತ್ತರಾರ್ಧದಲ್ಲಿ. ಊರಿನ ಇತಿಹಾಸದಲ್ಲೇ ಅಷ್ಟು ದೊಡ್ಡ ಅಂಕವನ್ನು ನಾನು ಓದಿರಲಿಲ್ಲ. ಅವಳು ಮಂಜುಗಡ್ಡೆಯಿಂದ ದಂಡೆಗೆ ನಡೆದು ಬರಲಿಲ್ಲ. ಭಾವ ಹಿಟ್ಟು ಮೆತ್ತಿದ ಅಂಗಿಯಲ್ಲೇ ಓಡಿಹೋಗಿ ಎತ್ತಿಕೊಂಡು ಬಂದರು. ಬೂಟು ಬಿಚ್ಚಲಾಗದೆ ಕತ್ತರಿಸಿ ತೆಗೆದರು. ಡಾಕ್ಟರು ಪಾದವನ್ನು ತಿರುಗಿಸಿ ನೋಡಿ, "ಹುಡುಗೀಗೆ ಹನ್ನೆರಡು. ಈ ಕಾಲಿಗೆ ಅರವತ್ತಾಗಿದೆಯಲ್ಲಮ್ಮ" ಎಂದರು.

ಆ ವರ್ಷ ಕಾಲು ಮುರಿದುಕೊಂಡ ಮಕ್ಕಳು ಇನ್ನೂ ಇದ್ದರು. ಮಂಡಳಿಗೆ ಆಘಾತವಾಯಿತು. ಎಳೆಯ ಮಕ್ಕಳನ್ನು ಹೀಗೆ ಹಿಂಸಿಸುವ ತಾಯಂದಿರ ಬಗ್ಗೆ ನಿರಂಜನಮೂರ್ತಿ ಕಣ್ಣಲ್ಲಿ ನೀರು ತಂದುಕೊಂಡು ಮಾತಾಡಿ, ಹದಿನೇಳು ತುಂಬದವರು ಪಂದ್ಯಕ್ಕೆ ಇಳಿಯುವಂತಿಲ್ಲ ಎಂದು ನಿಯಮ ಮಾಡಿದರು. ಪಟ್ಟಿಯಲ್ಲಿ ನಾಲ್ಕು ಸುತ್ತಿನ ಅಂಕ ಹಾಗೆಯೇ ಇತ್ತು.

ಅಕ್ಕ ಮಗಳ ಕಾಲಿಗೆ ದಿನವೂ ಎಣ್ಣೆ ನೀವುತ್ತ ಕೂತಿರುತ್ತಿದ್ದಳು. ಅಡುಗೆಮನೆಯ ಗೋಡೆಯಿಂದ ಪಟ್ಟಿಯನ್ನು ಅವಳೇ ಕಿತ್ತಳು. ಕುಮುದಾ ಮಾತ್ರ ಬೇಸಿಗೆಯಿಡೀ ಮಲಗಿದಳು, ಎದ್ದು ಉಂಡಳು, ಮತ್ತೆ ಮಲಗಿದಳು. ವರ್ಷ ಕಳೆಯುವಷ್ಟರಲ್ಲಿ ತಾಯಿಗಿಂತ ಎತ್ತರವಾದಳು, ಭುಜ ಅಗಲವಾಯಿತು, ಹಪ್ಪಳದಂತಿದ್ದ ಹುಡುಗಿ ಎಲ್ಲಿಗೆ ಹೋದಳೋ.

ಆ ನಡುವೆ ಚನ್ನವೀರಯ್ಯನವರು ತೀರಿಕೊಂಡರು. ನಿರಂಜನಮೂರ್ತಿ ಅಧ್ಯಕ್ಷರಾದರು. ಖಾಲಿಯಾದ ಕುರ್ಚಿಗೆ, ಜಾರಲು ಬರುವವರೊಬ್ಬರು ಇರಲಿ ಎಂಬ ದುಡುಕಿನಲ್ಲಿ, ಇಂದ್ರಾಣಿಯನ್ನು ಕರೆದರು.

"ಆ ಚೀಲದೊಳಗೆ ತಲೆ ಹಾಕ್ತೀಯಾ ನೀನು?" ಎಂದೆ ನಾನು.

"ಒಳಗೆ ಹೋದ್ರೆ ತಾನೇ ಏನಾದ್ರೂ ಬದಲಾಯಿಸೋಕಾಗೋದು" ಎಂದಳು. ಆ ಮಾತು ಹೇಳುವಾಗ ಅವಳ ಮುಖದಲ್ಲಿ ಹಳೆಯ ಗೆರೆಯ ಕಾಲದ ನಿಚ್ಚಳವಿತ್ತು. ನಾವೆಲ್ಲ ನಂಬಿದೆವು. ಅವಳೂ ನಂಬಿದ್ದಳು. ಗೋಣಿಚೀಲವನ್ನು ಮನೆಗೆ ತಂದು ಒಗೆದು, ಒಣಗಿಸಿ, ಅಂಚು ಮಡಚಿ ಹೊಲಿದುಕೊಂಡಳು.

ಹದಿನೇಳು ತುಂಬಿದ ವರ್ಷ ಕುಮುದಾ ಪಂದ್ಯಕ್ಕೆ ಹೆಸರು ಕೊಟ್ಟಳು. ತೂಬಿನ ಕಡೆಯ ಮೂಲೆಯಲ್ಲಿ, ಯಾರೂ ಹೋಗದ ಜಾಗದಲ್ಲಿ, ಅವಳು ಒಬ್ಬಳೇ ಜಾರುತ್ತಾಳೆಂಬುದು ನನಗೆ ಗೊತ್ತಿತ್ತು. ಅವಳ ಅಮ್ಮನಿಗೆ ಗೊತ್ತಿರಲಿಲ್ಲ.

"ನೆಗೆಯೋಕೆ ಆ ಕಾಲಲ್ಲಿ ಆಗುತ್ತಾ?" ಎಂದಳು ಅಕ್ಕ.

"ನೆಗೆಯಲ್ಲಮ್ಮ."

"ಗಿರಕಿ?"

"ಅದೂ ಇಲ್ಲ. ಸುಮ್ನೆ ಜಾರ್ತೀನಿ. ಎಲ್ಲರ ಮುಂದೆ ಒಂದ್ಸಲ ಜಾರ್ಬೇಕು ಅನ್ನಿಸಿದೆ."

"ಸುಮ್ನೆ ಜಾರೋದಕ್ಕೆ ಅಂಕ ಇಲ್ವಲ್ಲೇ."

"ಗೊತ್ತು" ಎಂದಳು ಕುಮುದಾ, ಎರಡನೇ ಸಲ ಅನ್ನ ಬಡಿಸಿಕೊಳ್ಳುತ್ತ.

ಅವಳು ಜಾರಿದ್ದನ್ನು ಹೇಗೆ ಹೇಳಲಿ. ಉದ್ದುದ್ದ ಹೆಜ್ಜೆಗಳಲ್ಲಿ ಕೆರೆಯ ಅಂಚಿನವರೆಗೆ ಹೋದಳು, ಬಾಗಿದಳು, ತಿರುಗಿದಳು, ಮತ್ತೆ ಹೊರಟಳು. ಬೂಟಿನ ಸದ್ದು ರೇಷ್ಮೆ ಹರಿದಂತೆ ಕೇಳುತ್ತಿತ್ತು. ಏನನ್ನೂ ತೋರಿಸಲು ಹೊರಟವಳಂತಿರಲಿಲ್ಲ. ಎಲ್ಲೋ ನೋಡುತ್ತಿದ್ದಳು, ತುಟಿ ಬಿಗಿಯಾಗಿ ಮುಚ್ಚಿತ್ತು, ಒಳಗೊಳಗೇ ಏನೋ ಗುನುಗುತ್ತಿದ್ದಳೇನೋ. ದಂಡೆಯ ಮೇಲೆ ಕಡಲೆಕಾಯಿ ಸುಲಿಯುವ ಸದ್ದು ನಿಂತಿತು. ನನ್ನ ಪಕ್ಕದಲ್ಲಿ ಭಾವ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಸೆಕೆ ಜಾಸ್ತಿ ಎಂದು ಹೇಳಿದರು.

ಐದು ಚೀಲಗಳು ಐದು ಸ್ಲೇಟುಗಳನ್ನು ಎತ್ತಿದವು. ನಾನು ಓದಿದೆ. ಸೊನ್ನೆ. ಸೊನ್ನೆ. ಸೊನ್ನೆ. ಸೊನ್ನೆ. ಐದನೆಯದು, ಅಂಚು ಹೊಲಿದ ಚೀಲದ ಕೈಯಲ್ಲಿದ್ದದ್ದು, ಕೊಂಚ ತಡವಾಗಿ ಮೇಲೆ ಬಂತು. ಅದೂ ಸೊನ್ನೆ.

ಆ ದಿನ ನನ್ನ ಮೇಲೆ ಬಿದ್ದ ಬಾಳೆಹಣ್ಣಿನ ಸಿಪ್ಪೆಗಳಿಗೆ ಲೆಕ್ಕವಿಲ್ಲ. ಊರವರು ಕೆರೆಯಿಂದ ಅಲ್ಲಾಡಲಿಲ್ಲ. ಹುಡುಗಿ ಎಷ್ಟು ಸಂತೋಷವಾಗಿ ಜಾರಿದಳು, ಅದಕ್ಕೆ ಏನೂ ಇಲ್ಲವೇ ಎಂದು ಮುದುಕಿಯರೂ ಕೂಗಾಡಿದರು. ಮಂಡಳಿ ದಂಡೆಯ ಮೇಲೇ ತುರ್ತು ಸಭೆ ಸೇರಿತು. ಅಕ್ಕ ಚೀಲ ತೆಗೆದು ಎಲ್ಲರ ಮುಂದೆ ಎದ್ದು ನಿಂತು ವಾದಿಸಿದಳು. ಅಷ್ಟು ದೊಡ್ಡ ದನಿ ಅವಳಿಗಿದೆ ಎಂದು ನನಗೆ ಗೊತ್ತಿರಲಿಲ್ಲ. ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೂಗಿದಳು: "ಕುಮುದಾ, ಹಾಕಿಸಿದೆ ಕಣೇ. ಪಟ್ಟಿಯಲ್ಲಿ ಹೊಸ ಸಾಲು. ಸಂತೋಷದಿಂದ ಜಾರುವುದು, ಮೂರು ಅಂಕ."

ಕುಮುದಾ ಅಮ್ಮನ ಮುಖವನ್ನು ನೋಡಿದಳು. ನಂತರ ಹತ್ತಿರ ಹೋಗಿ ಅವಳನ್ನು ತಬ್ಬಿಕೊಂಡಳು. ಭಾವ ಆ ದಿನ ಪಾಯಸ ಮಾಡಿಸಿದರು.

ಆದರೆ ನಿರಂಜನಮೂರ್ತಿಗೆ ಒಂದು ತೊಡಕಿತ್ತು. ಸಂತೋಷವೇನೋ ಸರಿ, ಅಳೆಯುವುದು ಹೇಗೆ? ಒಬ್ಬರಿಗೆ ಕಂಡ ಸಂತೋಷ ಇನ್ನೊಬ್ಬರಿಗೆ ಕಾಣದಿದ್ದರೆ ಮತ್ತೆ ಕೇರಿ ಕೇರಿಗೆ ಜಗಳ. ನಿಷ್ಪಕ್ಷಪಾತವಾಗಿರಬೇಕು. ಬೇಸಿಗೆಯಿಡೀ ಸಭೆ ನಡೆಯಿತು, ಅಕ್ಕ ಒಂದು ಸಭೆಯನ್ನೂ ತಪ್ಪಿಸಲಿಲ್ಲ. ಸಂತೋಷ ಎಂದರೆ ಮೇಲಿನ ಸಾಲಿನ ಆರು ಹಲ್ಲು ಕಾಣುವುದು, ತಲೆ ಕೊಂಚ ಹಿಂದಕ್ಕೆ ಬಾಗಿರುವುದು, ಕಣ್ಣು ತೀರ್ಪುಗಾರರ ಕಡೆ ಇರುವುದು ಎಂದು ಗೊತ್ತುಮಾಡಿದರು. ಉತ್ತರಾರ್ಧದಲ್ಲಿ ಸಂತೋಷಪಟ್ಟರೆ ಹೆಚ್ಚುವರಿ ಅರ್ಧ. ಆರು ಹಲ್ಲು ಎಂದು ಸೂಚಿಸಿದವಳು ಅಕ್ಕನೇ ಎಂದು ಆಮೇಲೆ ತಿಳಿಯಿತು. ನಿರಂಜನಮೂರ್ತಿ ಎಂಟು ಕೇಳಿದ್ದರಂತೆ. ಮಕ್ಕಳಿಗೆ ಕಷ್ಟವಾದೀತೆಂದು ಇವಳು ಹೋರಾಡಿ ಇಳಿಸಿದ್ದಳು.

ಮಾರ್ಗಶಿರ ಬರುವಷ್ಟರಲ್ಲಿ ಊರಿನಲ್ಲಿ ಮೂರು ಸಂತೋಷ ತರಗತಿಗಳು ಶುರುವಾಗಿದ್ದವು. ಬೆಳಿಗ್ಗೆ ಕೆರೆಯ ಕಡೆ ಹೋದರೆ ಸಾಲಾಗಿ ನಿಂತ ಹುಡುಗಿಯರು ಬಾಯಿ ತೆರೆದು ಸಂತೋಷವನ್ನು ಅಭ್ಯಾಸ ಮಾಡುತ್ತಿದ್ದರು. ತಪ್ಪಿದವರಿಗೆ ಬೆತ್ತದ ಏಟು. ಬಸ್‌ಸ್ಟಾಂಡಿನ ಹತ್ತಿರ ಹಲ್ಲಿನ ಡಾಕ್ಟರೊಬ್ಬರು ಹೊಸ ಬೋರ್ಡು ಹಾಕಿದರು. ಪಂದ್ಯದ ದಿನ ಒಬ್ಬರಾದ ಮೇಲೊಬ್ಬರು ಬಂದು, ತರಕಾರಿ ಕೊಳ್ಳುವವರಂತೆ ಓಡಾಡಿ, ಉತ್ತರಾರ್ಧ ಬಂದ ತಕ್ಷಣ ಎಲ್ಲರೂ ಅದೇ ಕ್ಷಣದಲ್ಲಿ ಸಂತೋಷಗೊಂಡರು. ಬೀಳುವಾಗಲೂ ಸಂತೋಷವಾಗಿಯೇ ಬಿದ್ದರು. ಒಬ್ಬ ಹುಡುಗಿ ಮೊಣಕೈ ಮುರಿದುಕೊಂಡು, ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ ಮೂರಕ್ಕೆ ಮೂರು ಪಡೆದಳು.

ಕುಮುದಾ ಆ ವರ್ಷ ಇಳಿಯುವ ಯೋಚನೆಯಲ್ಲಿರಲಿಲ್ಲ. "ನಿನಗೋಸ್ಕರ ಬರೆಸಿದ್ದು ಕಣೇ" ಎಂದು ಅಕ್ಕ ಅಂದಿದ್ದರಿಂದ ಇಳಿದಳು. ಹಿಂದಿನ ವರ್ಷದ ಹಾಗೆಯೇ ಜಾರಿದಳು, ಇನ್ನೂ ಚೆನ್ನಾಗಿಯೇ ಜಾರಿದಳೇನೋ. ಆದರೆ ಒಂದು ವರ್ಷದಲ್ಲಿ ಊರವರ ಕಣ್ಣೂ ಬದಲಾಗಿತ್ತು. ನನ್ನ ಹಿಂದೆ ಕೂತಿದ್ದ ಹೆಂಗಸು, "ಪಾಪ, ಹುಡುಗೀಗೆ ಏನೋ ಬೇಜಾರು" ಎಂದು ಮರುಗಿದಳು. ನಾನು ಅಂಕಗಳನ್ನು ಓದಿದೆ. ಐದು ಸ್ಲೇಟಿನಲ್ಲೂ ಒಂದೂವರೆ. ಅವಳಿಗೆ ಕೊನೆಯ ಸ್ಥಾನ. ಈ ಸಲ ಯಾರೂ ಸಿಪ್ಪೆ ಎಸೆಯಲಿಲ್ಲ.

ಸಂಜೆ ನಾವು ಮೂವರೂ ಅಕ್ಕನ ಮನೆಯ ಹಿತ್ತಿಲಿನಲ್ಲಿ ಕೂತಿದ್ದೆವು. ಕುಮುದಾ ಬೂಟಿನ ಅಲಗು ಒರೆಸುತ್ತಿದ್ದಳು. ಅಕ್ಕ ತಲೆಗೂದಲಿಗೆ ಅಂಟಿದ್ದ ಗೋಣಿಯ ನಾರು ಬಿಡಿಸಿಕೊಳ್ಳುತ್ತಿದ್ದಳು. ಅಲಗಿನಿಂದ ಕಣ್ಣೆತ್ತದೆ ಕುಮುದಾ ಕೇಳಿದಳು, "ನೀನೂ ಒಂದೂವರೆನೇ ಕೊಟ್ಯಾ ಅಮ್ಮ?"

"ಇನ್ನೆಷ್ಟು ಕೊಡಲಿ? ಬಾಯೇ ತೆಗೀಲಿಲ್ಲ ನೀನು. ತಲೆ ಬಾಗಿಸಿದ್ದಕ್ಕೆ ಅಂತ ಒಂದೂವರೆ." ಅಕ್ಕನ ದನಿಯಲ್ಲಿ ಕೋಪವಿರಲಿಲ್ಲ, ಸಂಕಟವಿತ್ತು. "ನಾನು ಚೀಲದೊಳಗಿಂದ ಎಷ್ಟು ಸನ್ನೆ ಮಾಡ್ದೆ ಗೊತ್ತಾ ನಿಂಗೆ? ನೀನು ನನ್ನ ಕಡೆ ತಿರುಗಿ ನೋಡ್ಬೇಕಲ್ಲ."

ಗೋಣಿಚೀಲದೊಳಗೆ ಮುಖ ಕಿವಿಚಿಕೊಂಡು ಸನ್ನೆ ಮಾಡುತ್ತಿದ್ದ ತಾಯಿಯನ್ನು ಕುಮುದಾ ಕಲ್ಪಿಸಿಕೊಂಡಿರಬೇಕು. ಮೊದಲು ಮೂಗಿನಲ್ಲಿ ಒಂದು ಸದ್ದು ಬಂತು, ನಂತರ ತಡೆಯಲಾಗದೆ ನಕ್ಕಳು. ತಲೆ ಹಿಂದಕ್ಕೆ ಹೋಗಿ ನುಗ್ಗೆ ಮರದ ಬೊಡ್ಡೆಗೆ ತಗುಲಿತು, ಬೂಟು ಕೈಯಿಂದ ಜಾರಿ ಬಿತ್ತು, ನಗು ನಿಲ್ಲಲಿಲ್ಲ. ನನಗೂ ತಡೆಯಲಾಗಲಿಲ್ಲ. ಗಿರಣಿಯಿಂದ ಆಗತಾನೇ ಬಂದ ಭಾವ ಏನೆಂದು ತಿಳಿಯದೆಯೇ ಬಾಗಿಲಲ್ಲಿ ನಿಂತು ನಗತೊಡಗಿದರು.

ಅಕ್ಕ ಮಗಳನ್ನೇ ನೋಡುತ್ತಿದ್ದಳು. ಅವಳ ತುಟಿ ಸಣ್ಣಗೆ ಅಲುಗುತ್ತಿತ್ತು. ಅವಳೂ ಈಗ ನಗುತ್ತಾಳೆ ಎಂದು ನಾನು ಕಾದೆ. ಆಮೇಲೆ ಅರ್ಥವಾಯಿತು, ಅವಳು ಎಣಿಸುತ್ತಿದ್ದಳು.

"ಹತ್ತು" ಎಂದಳು, ಕಣ್ಣು ತುಂಬಿಕೊಂಡು. "ಹತ್ತು ಹಲ್ಲು ಕಾಣ್ತಿದೆ ಕಣೇ. ಇದನ್ನ ಅಲ್ಲಿ ಮಾಡೋಕೆ ಏನಾಗಿತ್ತು ನಿಂಗೆ?"